ಮೊಗ್ಗಿನ ಜಡೆಯ ಫೋಟೋ

ಟಕ್, ಟಕ್, ಟಕ್. ನಾನು ಚಿಕ್ಕವಳಿದ್ದಾಗ, ಅಕ್ಕ ಪೌಡರ್ ಡಬ್ಬಿಯ ತಳ ಬಡಿಯುವ ಈ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ತೂರಿಕೊಳ್ಳುತ್ತಿದ್ದೆ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು, ಬೆಳ್ಳಗಿದ್ದಳು. ನಾನು ಅಪ್ಪನ ಹಾಗೆ ಕಪ್ಪು.

ಒಂದು ಬೇಸಿಗೆ ರಜೆಯಲ್ಲಿ ನನಗೆ ಮೊಗ್ಗಿನ ಜಡೆ ಹಾಕಿಸಿದರು. ಮಲ್ಲಿಗೆ ಮೊಗ್ಗನ್ನು ಜಡೆಯುದ್ದಕ್ಕೂ ಹೊಲಿದು ಮುಗಿಸುವಷ್ಟರಲ್ಲಿ ಕತ್ತು ಸೆಟೆದುಹೋಗಿತ್ತು. ಮೊಗ್ಗಿನ ಜಡೆ ಎಂದಮೇಲೆ ಫೋಟೋ ತೆಗೆಸಲೇಬೇಕು. ಎದುರಿಗೆ ಹುಡುಗಿಯ ಮುಖ, ಬೆನ್ನ ಹಿಂದಿನ ಕನ್ನಡಿಯಲ್ಲಿ ಜಡೆ. ಅಲ್ಲಿಯವರೆಗೆ ನನ್ನದೊಂದೂ ಫೋಟೋ ಇರಲಿಲ್ಲ. ನಾನು ಫೋಟೋದಲ್ಲಿ ಹೇಗೆ ಕಾಣುತ್ತೇನೋ ನೋಡುವ ಆಸೆಗೆ ಎಲ್ಲವನ್ನೂ ತಡೆದುಕೊಂಡೆ.

ಸ್ಟುಡಿಯೋದಲ್ಲಿ ಊರಿಗೆಲ್ಲ ಒಂದೇ ಬಾಚಣಿಗೆ. ಹಲ್ಲುಗಳ ನಡುವೆ ಯಾರ್ಯಾರದೋ ಕೂದಲು, ಎಣ್ಣೆ ಜಿಡ್ಡು. ಪೌಡರ್ ಪಫ್ ಎಲ್ಲರ ಬೆವರು ಕುಡಿದು ಬೂದಿ ಬಣ್ಣಕ್ಕೆ ತಿರುಗಿ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಡಿಸ್‌ಗಸ್ಟಿಂಗ್! ಮನೆಯಲ್ಲಿ ಬಳಿದದ್ದು ಸಾಲದೆಂದು ಅಕ್ಕ ಅದನ್ನೇ ನನ್ನ ಕೆನ್ನೆಗೆ ಒತ್ತಿದಳು.

"ಸ್ವಲ್ಪ ಬೆಳ್ಳಗೆ ಮಾಡ್ಕೊಡಿ ಸಾರ್, ಕಾನ್ವೆಂಟಲ್ಲಿ ಎಲ್ರಿಗೂ ತೋರಿಸ್ತಾಳೆ," ಎಂದಳು.

"ಪೆನ್ಸಿಲ್ ಇಲ್ವೇನಮ್ಮ, ಹಾಲಲ್ಲಿ ತೊಳ್ದಂಗೆ ಮಾಡ್ಬುಡ್ತೀನಿ!" ಎಂದು ಸ್ಟುಡಿಯೋದವರು ನಕ್ಕರು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದರೆ ಕಪ್ಪು ಮುಖ ಬೆಳ್ಳಗಾಗುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ವಾರದ ಮೇಲೆ ಫೋಟೋ ಬಂತು. ಅದರಲ್ಲಿ ಬೇಯಿಸಿ ಸುಲಿದ ಮೊಟ್ಟೆಯಂಥ ಒಂದು ಮುಖ. ನನ್ನದಲ್ಲ. ಆದರೆ ಅವರು ಮುಖ ತಿದ್ದುವ ಭರದಲ್ಲಿ ಕನ್ನಡಿಯನ್ನು ಮರೆತುಬಿಟ್ಟಿದ್ದರು. ಅಲ್ಲಿ ಬಿಳೀ ಮೊಗ್ಗುಗಳ ಪಕ್ಕ ನನ್ನ ಕಪ್ಪು ಕತ್ತು, ಕಪ್ಪು ಮೊಣಕೈ ಹಾಗೇ ಇದ್ದವು. ಅಪ್ಪ ಅದರ ಮೇಲೆ ಬೆರಳಿಟ್ಟು, "ಇಲ್ಲಿದಾಳೆ ನೋಡು ನನ್ ಮಗಳು," ಎಂದರು. ಅಕ್ಕ ಮಾತ್ರ ಅದನ್ನು ಫ್ರೇಮ್ ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು. ಬಂದವರೆಲ್ಲ "ಎಷ್ಟು ಲಕ್ಷಣವಾಗಿದಾಳೆ" ಎನ್ನುವಾಗ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಮಕ್ಕಳೇ, ನಿಮಗೆ ಪೆನ್ಸಿಲ್ಲೂ ಬೇಡ. ದಿನಕ್ಕೆ ಎಷ್ಟೋ ಸಲ ನಿಮ್ಮ ಮುಖ ತೆಗೆದುಕೊಳ್ಳುತ್ತೀರಿ, ಫಿಲ್ಟರ್ ಹಾಕದೆ ಒಂದನ್ನೂ ಯಾರಿಗೂ ತೋರಿಸುವುದಿಲ್ಲ. ದಟ್ಟಗಳ್ಳಿಯಲ್ಲಿ, ಅಕ್ಕನ ಮನೆಯಲ್ಲಿ, ಫಿಲ್ಟರ್ ಹಾಕಿ ನಮ್ಮಿಬ್ಬರ ಫೋಟೋ ತೆಗೆದಿರಲ್ಲ, ನೆನಪಿದೆಯಾ? ಅಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ನೋಡೇ, ಈಗ ನಿನ್ ಮುಖಕ್ಕೆ ಕಳೆ ಬಂತು!" ಎಂದು ಹಿಗ್ಗಿದಳು. ಆ ಹಳೇ ಪಫ್ಫನ್ನು ಮತ್ತೆ ಕೆನ್ನೆಗೆ ಒತ್ತಿದಂತಾಗಿ ಎದ್ದುಬಿಟ್ಟೆ. ಅಕ್ಕ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದು, ಕುಂಕುಮದ ಬಟ್ಟಲು ಚಾಚಿ, "ಇಟ್ಕೊಂಡು ಹೋಗೇ," ಎಂದಳು.

ಇಟ್ಟುಕೊಳ್ಳದೆ ಮೆಟ್ಟಿಲಿಳಿದೆ. ಅಕ್ಕನನ್ನು ನೋಡಿದ್ದು ಅದೇ ಕೊನೆ.