ಹಂದಿ ತೋಡಿದ ಕಣಿ

ನಮ್ಮ ಐದು ಮನೆಗಳಿಂದ ಬಸರೀಕಟ್ಟೆ ರಸ್ತೆಗೆ ಇಳಿಯಲು ಇರುವುದು ಒಂದೇ ಕಾಲುದಾರಿ. ಕಾಡಿನೊಳಗೆ ಹಾದು ಹೋಗುತ್ತದೆ. ನಾನು ಮದುವೆಯಾಗಿ ಬಂದ ವರ್ಷದಿಂದ ಅದನ್ನು ಬೇಸಿಗೆಯ ಕೊನೆಗೆ ನಾವು ಹೆಂಗಸರೇ ಸರಿ ಮಾಡುತ್ತ ಬಂದಿದ್ದೇವೆ. ಯಾರೂ ಹೇಳಿದ್ದಲ್ಲ. ಮುಳ್ಳು ಸವರುವುದು, ಕಣಿ ತೋಡುವುದು. ಕಣಿ ಎಂದರೆ ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ತೆಗೆದ ಗೇಣಾಳದ ಚರಂಡಿ. ಮಳೆನೀರು ದಾರಿ ಹಿಡಿದು ಓಡದೆ ಅದಕ್ಕೆ ಬಿದ್ದು ಪಕ್ಕದ ಇಳಿಜಾರಿಗೆ ಹೋಗಬೇಕು. ಹದಿಮೂರು ಕಣಿ. ಎಲ್ಲೆಲ್ಲಿ ಬೇಕೆಂದು ನನ್ನ ಅತ್ತೆ ಕಾಲಲ್ಲಿ ಗೀರಿ ತೋರಿಸಿದ್ದರು.

ಕಳೆದ ವರ್ಷ ಆ ದಾರಿ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ನನ್ನ ವಾರಗಿತ್ತಿಗೆ, ಅಂದರೆ ನನ್ನ ಮೈದುನನ ಹೆಂಡತಿಗೆ. ಅವಳಿಗೆ ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳಲ್ಲಿ ಹುಣ್ಣಾಗಿತ್ತು. ಪ್ರತಿ ಮಂಗಳವಾರ ಇಳಿದು, ಬಸ್ಸು ಹತ್ತಿ, ಕೊಪ್ಪದ ಆಸ್ಪತ್ರೆಗೆ ಹೋಗಿ ಬ್ಯಾಂಡೇಜು ಬದಲಾಯಿಸಿಕೊಂಡು ಬರಬೇಕಿತ್ತು. ಕಾಲು ಒದ್ದೆಯಾಗಬಾರದು, ಕಲ್ಲಿಗೆ ತಾಗಬಾರದು, ಒಂದು ವಾರವೂ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರು.

ನಾವು ಕಣಿ ತೋಡಿ ಮುಗಿಸಿದ ಮರುವಾರ ಪೇಟೆ ಕಡೆಯ ಸ್ವಯಂಸೇವಕರು ಬಂದರು. ಮೇಲಿನ ಗುಡ್ಡದಿಂದ ಸೂರ್ಯ ಮುಳುಗುವುದು ಚೆಂದ ಕಾಣುತ್ತದಂತೆ, ಅದಕ್ಕೆ ನಮ್ಮ ದಾರಿಯನ್ನೇ ಚಾರಣಕ್ಕೆ ಸರಿ ಮಾಡುತ್ತಾರಂತೆ. ಇಪ್ಪತ್ತು ಜನ. ಎಲ್ಲರಿಗೂ ಒಂದೇ ಬಣ್ಣದ ಬನಿಯನ್ನು, ಕೈಗೆ ಗ್ಲೌಸು. ಹೊಸ ಸಲಿಕೆಗಳ ಹಿಡಿಯ ಮೇಲೆ ಅಂಗಡಿಯ ಚೀಟಿ ಹಾಗೇ ಇತ್ತು. ನಾನು ಗುದ್ದಲಿ ಹಿಡಿದು ಕೆಳಗಿಳಿದೆ, ಜೊತೆಗೆ ಕೆಲಸ ಮಾಡೋಣ ಎಂದೇ.

ಅವರ ಮುಖಂಡ, ಕುತ್ತಿಗೆಗೆ ಸೀಟಿ ಕಟ್ಟಿಕೊಂಡವನು, ನನ್ನ ಕೈಯಿಂದ ಗುದ್ದಲಿ ತೆಗೆದು ಮರಕ್ಕೆ ಒರಗಿಸಿದ. "ಅಜ್ಜಿ, ಈ ವಯಸ್ಸಲ್ಲಿ ನಿಮಗ್ಯಾಕೆ? ಆರಾಮಾಗಿ ಕೂತ್ಕೊಳ್ಳಿ. ನಿಮಗೆ ಒಳ್ಳೇ ದಾರಿ ಮಾಡ್ಕೊಡ್ತೀವಿ."

ಆಮೇಲೆ ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ನಲವತ್ತೆಂಟು ವರ್ಷ ಯಾರು ಮಾಡಿಕೊಟ್ಟರಪ್ಪ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಸಿಟ್ಟಿನಲ್ಲಿ ಹೋಗಿ ಕಲ್ಲಿನ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಅವನು ಮೊದಲ ಕಣಿಯ ಹತ್ತಿರ ನಿಂತು ಕೂಗಿದ. "ಅಜ್ಜಿ, ಇಲ್ಲೆಲ್ಲಾ ಗುಂಡಿ ತೋಡಿದ್ಯಾರು? ಕಾಡುಹಂದಿನಾ?"

"ಹೌದು ಮಾರಾಯ, ಹಂದಿಯೇ," ಎಂದೆ. "ಮುದಿ ಹಂದಿ. ಪ್ರತಿ ವರ್ಷ ಬತ್ತದೆ."

ಎಲ್ಲರೂ ನಕ್ಕರು. ನಕ್ಕು ಹದಿಮೂರೂ ಕಣಿಗೆ ಮಣ್ಣು ತುಂಬಿ, ಮೇಲೆ ಜಲ್ಲಿ ಹಾಕಿ, ಬೂಟುಗಾಲಲ್ಲಿ ತುಳಿದು ಸಮ ಮಾಡಿದರು. ಸಂಜೆಯ ಹೊತ್ತಿಗೆ ದಾರಿ ಹಪ್ಪಳ ಒಣಗಿಸಬಹುದಾದಷ್ಟು ನುಣ್ಣಗಾಗಿತ್ತು. ಒಂದು ಬೋರ್ಡು ನೆಟ್ಟು ಹೋದರು. ಅಕ್ಷರ ಕೂಡಿಸಿ ಓದಿದೆ. ದಾರಿ ನಿರ್ಮಿಸಿದವರು ಎಂದು ಅವರ ಹೆಸರೇ ಇತ್ತು.

ಮರುದಿನವೇ ನಾನು ಕಣಿ ಬಿಡಿಸಬಹುದಿತ್ತು. ಬಿಡಿಸಲಿಲ್ಲ. ಮಳೆ ಬರಲಿ, ಇವರ ಮರ್ಯಾದೆ ಹೋಗಲಿ ಎಂದು ಕಾದೆ. ಮಳೆ ಬಂತು. ನೋಡಲು ಅವರು ಒಬ್ಬರೂ ಇರಲಿಲ್ಲ.

ಮೊದಲ ದೊಡ್ಡ ಮಳೆಗೇ ನೀರು ಮೇಲಿನಿಂದ ಕೆಳಗಿನವರೆಗೆ ದಾರಿ ಹಿಡಿದು ಓಡಿತು. ಕಡಿದಾದ ತಿರುವಿನಲ್ಲಿ ಮೊಣಕಾಲುದ್ದ ಕೊರಕಲು ಬಿತ್ತು, ಜಲ್ಲಿ ತೊಳೆದುಹೋಗಿ ಚೂಪು ಕಲ್ಲುಗಳು ಎದ್ದು ನಿಂತವು. ಮಂಗಳವಾರ ವಾರಗಿತ್ತಿ ಕೋಲೂರಿ ತಿರುವಿನವರೆಗೆ ಹೋಗಿ ವಾಪಸು ಬಂದಳು. ಬ್ಯಾಂಡೇಜು ಕೆಸರಾಗಿತ್ತು. ಮುಂದಿನ ಮಂಗಳವಾರವೂ ಮಳೆ ಬಿಡಲಿಲ್ಲ. ಮೂರನೇ ವಾರ ಅವಳಿಗೆ ಜ್ವರ ಬಂತು. ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದರು. ಹೆಬ್ಬೆರಳು ಕಪ್ಪಾಗಿತ್ತು. ತೆಗೆದರು.

ಆಸ್ಪತ್ರೆಯಿಂದ ಬಂದ ಮೇಲೆ ಅವಳು ಎಲ್ಲರ ಹತ್ತಿರವೂ ಮಳೆಯನ್ನೇ ಬೈದಳು. ನಾನು ಹೂಂ ಎಂದೆ. ಹೂಂ ಎಂದದ್ದಕ್ಕೆ ನನ್ನ ಮೇಲೇ ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಮಳೆ ನಿಂತ ಮೇಲೆ ಅದೇ ಬನಿಯನ್ನಿನವರು ಮತ್ತೆ ಬಂದರು. ಸೀಟಿಯವನು, "ಏನಜ್ಜಿ, ಈ ಸಲ ಮಳೆ ಜಾಸ್ತಿ ಆಗಿ ನಮ್ಮ ದಾರಿ ಹಾಳಾಯ್ತಂತೆ?" ಎಂದ.

"ಮಳೆ ಎಂತಕ್ಕೆ ಹಾಳು ಮಾಡ್ತದೆ?" ಎಂದೆ. "ಅದು ಪ್ರತಿ ವರ್ಷ ಬರಲ್ವಾ? ಹಾಳು ಮಾಡಿದ್ದು ನೀವು. ಈ ನೀರು ಎಲ್ಲಿ ಹೋಗ್ತದೆ ಅಂತ ಇಪ್ಪತ್ತು ಜನರಲ್ಲಿ ಒಬ್ಬ ಕೇಳಿದ್ನಾ? ಫೋಟೋಕ್ಕೆ ಅಜ್ಜಿ ಬೇಕು, ಕೆಲಸಕ್ಕೆ ಬೇಡ ಅಲ್ದಾ?"

"ನಾವು ಕೇಳಿದ್ವಲ್ಲ ಅಜ್ಜಿ," ಎಂದ ಅವನು ಮೆಲ್ಲಗೆ. "ನೀವೇ ಹಂದಿ ಅಂದ್ರಿ."

ನಿಜವನ್ನೇ ಹೇಳಿದ. ವಾರಗಿತ್ತಿ ಅಲ್ಲೇ ದಾರಿಯ ತಲೆಯಲ್ಲಿ ಕೋಲು ಹಿಡಿದು ಕೂತಿದ್ದಳು. ಅವಳ ಮುಖ ನನ್ನ ಕಡೆ ತಿರುಗಿತು.

"ಹೌದು ಕಣೇ," ಎಂದೆ. "ಕಣಿ ಮುಚ್ಚೋದನ್ನ ಕೂತು ನೋಡಿದೆ. ಸಿಟ್ಟಲ್ಲಿ ಹೇಳಲಿಲ್ಲ. ಆಮೇಲೆ ಬಿಡಿಸಲೂ ಇಲ್ಲ."

ಬನಿಯನ್ನಿನವರೆಲ್ಲ ನೆಲ ನೋಡುತ್ತಿದ್ದರು.

"ನಿನ್ನ ಸಿಟ್ಟಿಗೆ ನನ್ನ ಬೆರಳೇ ಬೇಕಿತ್ತೇನೇ ಅಕ್ಕ?" ಎಂದಳು. "ಅತ್ತು ತೋರಿಸ್ಬೇಡ. ನಿಂಗೆ ಅಳು ಬರಲ್ಲ ಅಂತ ನಂಗೆ ಗೊತ್ತು. ತೋಡು."

ನಾನು ಕಾಲಲ್ಲಿ ಗೀರುತ್ತ ಮುಂದೆ ನಡೆದೆ, ಇಪ್ಪತ್ತು ಜನ ಹಿಂದೆ ತೋಡುತ್ತ ಬಂದರು. ಓರೆ ತಪ್ಪಿದವರನ್ನೆಲ್ಲ ಬೈದೆ. ಸೀಟಿಯವನ ಅಂಗೈಯಲ್ಲಿ ಬೊಬ್ಬೆ ಎದ್ದಿತು, ನನಗೇನೂ ಅನ್ನಿಸಲಿಲ್ಲ.

ಮಂಗಳವಾರ ವಾರಗಿತ್ತಿ ಇಳಿದಳು. ಈಗ ಅವಳ ಜೊತೆ ನಾನೂ ಗುದ್ದಲಿ ಹಿಡಿದು ಹೋಗುತ್ತೇನೆ, ಅವಳು ಬಾ ಎಂದು ಕರೆದಿಲ್ಲ. ಆ ದಿನ ಅವಳು ಪ್ರತಿ ಕಣಿಯ ಹತ್ತಿರ ನಿಂತು ಕೋಲು ಇಳಿಸಿ ಆಳ ನೋಡಿದಳು. ಏಳನೆಯದಕ್ಕೆ, "ಇದು ಸಾಲಲ್ಲ," ಎಂದು ಮುಂದೆ ಹೋದಳು. ಹಿಂತಿರುಗಿ ನೋಡಲಿಲ್ಲ.

ನಾನು ಅಲ್ಲೇ ನಿಂತು ತೋಡಿದೆ.