ಅಂಬಪ್ಪ ಹಿಂದುಮುಂದು ಹಾಕಿದ ರೀಲು

ಹಾರುವ, ಬೆಟ್ಟ ಎತ್ತುವ ಹೀರೋಗಳ ಸಿನಿಮಾ ಯಾಕೆ ಓಡುತ್ತದೆ ಎಂದು ಈಗ ದೊಡ್ಡ ದೊಡ್ಡವರು ಪೇಪರಿನಲ್ಲಿ ಬರೆಯುತ್ತಾರೆ. ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕಸರತ್ತು ಚೆನ್ನಾಗಿತ್ತಂತೆ, ಬಟ್ಟೆ ಮಿಂಚುತ್ತಿತ್ತಂತೆ. ಇವರ ತಲೆಗೆ ಹೊಳೆಯುವುದು ಅಷ್ಟೇ. ಮಸ್ಕಿಯ ಟೆಂಟ್ ಟಾಕೀಸಿನಲ್ಲಿ ಮಷೀನು ನಡೆಸುತ್ತಿದ್ದ ನಮ್ಮ ಅಂಬಪ್ಪನನ್ನು ಕೇಳಿದ್ದರೆ ಬೇರೆಯೇ ಹೇಳುತ್ತಿದ್ದ. ಅವನನ್ನು ಯಾರೂ ಕೇಳಲಿಲ್ಲ. ಅದೇ ಟೆಂಟಿನಲ್ಲಿ ಗಂಡಸರ ಗೇಟಿಗೆ ನಿಂತು ಟಿಕೆಟ್ ಹರಿಯುತ್ತಿದ್ದವನು ನಾನು, ಅದಕ್ಕೆ ನಾನೇ ಹೇಳುತ್ತೇನೆ.

ಅಂಬಪ್ಪ ಕೆಟ್ಟವನಲ್ಲ, ಆದರೆ ಮುಂಗೋಪಿ. ಮಷೀನಿನ ಲೆನ್ಸನ್ನು ಹಸುಗೂಸಿನ ಮುಖ ಒರೆಸಿದ ಹಾಗೆ ಒರೆಸುತ್ತಿದ್ದ. ಆ ಪ್ರೀತಿಯಲ್ಲಿ ಅರ್ಧದಷ್ಟನ್ನು ಹೆಂಡತಿಗೆ ತೋರಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೆಂಡತಿ ಶೇಖಮ್ಮ ತುರ್ವಿಹಾಳದವಳು, ದಿನಾ ಸಂಜೆ ಅವನಿಗೆ ಬುತ್ತಿ ತರುತ್ತಿದ್ದಳು. ಎಂಬತ್ತಾರನೆಯ ಇಸವಿಯ ಕೊನೆಯಲ್ಲಿ ಒಂದು ದಿನ ಬುತ್ತಿ ತಡವಾಯಿತೆಂದು, ಟಿಕೆಟಿಗೆ ನಿಂತ ಜನರೆದುರು ಅವಳ ಕೆನ್ನೆಗೆ ಹೊಡೆದ. ನಾನೂ ಅಲ್ಲೇ ಕೈಕಟ್ಟಿಕೊಂಡು ನಿಂತಿದ್ದೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಶೇಖಮ್ಮ ಅಳಲಿಲ್ಲ. ಬುತ್ತಿಯನ್ನು ಮೆಲ್ಲಗೆ ನೆಲಕ್ಕಿಟ್ಟು, ಸೆರಗು ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಕರೆತರಲು ಅಂಬಪ್ಪ ಮೂರು ಸಲ ತುರ್ವಿಹಾಳಕ್ಕೆ ಹೋದ. ಮೂರು ಸಲವೂ ಅತ್ತೆ ಮಜ್ಜಿಗೆ ಕೊಟ್ಟಳು, ಹೆಂಡತಿ ಒಳಗಿನಿಂದ ಹೊರಗೆ ಬರಲಿಲ್ಲ. ಆಮೇಲೆ ಅವನು ತುರ್ವಿಹಾಳದ ಕಡೆಯಿಂದ ಬರುವ ಮಧ್ಯಾಹ್ನ ಮೂರರ ಬಸ್ಸಿಗಾಗಿ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲತೊಡಗಿದ. ಯಾಕಪ್ಪಾ ಎಂದು ಕೇಳಿದರೆ, "ಸಿನಿಮಾದ ಡಬ್ಬಿ ಬರೋದೈತಿ" ಎನ್ನುತ್ತಿದ್ದ. ಡಬ್ಬಿ ಬರುತ್ತಿದ್ದುದು ವಾರಕ್ಕೊಮ್ಮೆ, ಇವನು ಹೋಗುತ್ತಿದ್ದುದು ದಿನಾ. ಮೊದಮೊದಲು ನಾವು ನಕ್ಕೆವು, ಆಮೇಲೆ ನಗುವುದನ್ನು ಬಿಟ್ಟೆವು.

ಎಂಬತ್ತೆಂಟರ ಸಂಕ್ರಾಂತಿ ಕಳೆದ ಮೇಲೆ ಆ ತೆಲುಗು ಸಿನಿಮಾ ಬಂತು. ಅದರ ಹೀರೋ ಗಾಳಿಯಲ್ಲಿ ಹಾರುತ್ತಾನೆ, ಲಾರಿಯನ್ನು ಒಂದೇ ಕೈಯಲ್ಲಿ ಎತ್ತುತ್ತಾನೆ. ತೆಲುಗು ಬಲ್ಲವರು ಅಷ್ಟೊಂದು ಜನರಿದ್ದ ಸಿಂಧನೂರಿನಲ್ಲೇ ಅದು ಮೂರು ದಿನಕ್ಕೆ ಮಲಗಿತ್ತು. ಅಲ್ಲಿ ತೆಗೆದ ಪ್ರಿಂಟನ್ನೇ ನಮ್ಮ ಮಾಲಕ ಅಮರಗುಂಡಪ್ಪ ಸಿಕ್ಕಷ್ಟು ಸಿಕ್ಕಲಿ ಎಂದು ಮಸ್ಕಿಗೆ ತರಿಸಿದ.

ಡಬ್ಬಿಗಳ ಮೇಲಿನ ಚೀಟಿಗಳು ಹರಿದುಹೋಗಿದ್ದವು. ಸಿಂಧನೂರಿನ ಆಪರೇಟರ್ ದಾದೇಸಾಬ ನಿಜಾಮನ ಕಾಲದಲ್ಲಿ ಉರ್ದು ಶಾಲೆ ಕಲಿತ ಮುದುಕ. ಆತ ಡಬ್ಬಿಗಳ ಮೇಲೆ ಬಣ್ಣದಲ್ಲಿ ಉರ್ದು ಅಂಕಿ ಬರೆದು ಕಳಿಸಿದ್ದ. ಅಂಬಪ್ಪನಿಗೆ ಆ ಅಂಕಿಗಳು ಬರೀ ಕಣ್ಣಳತೆಯಲ್ಲಿ ಗೊತ್ತು. ಎರಡಕ್ಕೂ ಆರಕ್ಕೂ ಒಂದೊಂದು ಗೀಟು, ಮೇಲೊಂದು ಕೊಕ್ಕೆ. ಕೊಕ್ಕೆ ಯಾವ ಕಡೆ ತಿರುಗಿದೆ ಎನ್ನುವುದಷ್ಟೇ ವ್ಯತ್ಯಾಸ. ದಾದೇಸಾಬನ ಬಣ್ಣವೋ ಇಳಿದು ಹರಡಿತ್ತು. ಮೊದಲನೆಯ ಆಟದಲ್ಲೇ ಅಂಬಪ್ಪ ಎರಡರ ಜಾಗದಲ್ಲಿ ಆರನೆಯ ರೀಲನ್ನೂ ಆರರ ಜಾಗದಲ್ಲಿ ಎರಡನೆಯದನ್ನೂ ಹಾಕಿಬಿಟ್ಟ.

ನಿಜವಾದ ಕಥೆ ಹೀಗೆ: ಎರಡನೆಯ ರೀಲಿನಲ್ಲಿ ಹೀರೋ ಬಡಪಾಯಿ. ಊಟಕ್ಕೆ ಕೂತವನ ಕೆನ್ನೆಗೆ ಅತ್ತಿಗೆ ಹೊಡೆಯುತ್ತಾಳೆ, ಅವನು ತಲೆತಗ್ಗಿಸಿ ಎದ್ದು ಹೋಗುತ್ತಾನೆ. ಐದರಲ್ಲಿ ಸಾಧುವೊಬ್ಬ ತಲೆಯ ಮೇಲೆ ಕೈಯಿಟ್ಟು ಬಲ ಕೊಡುತ್ತಾನೆ. ಆರರಲ್ಲಿ ಹಾರುತ್ತಾನೆ. ನಮ್ಮ ಟೆಂಟಿನಲ್ಲಿ ಅವನು ಬಂದವನೇ ಹಾರಿದ. ಜನ ಸಿಳ್ಳೆ ಹೊಡೆದರು. ಆಮೇಲೆ ಸಾಧು ಬಂದ. ತೆಲುಗು ಅರೆಬರೆ ತಿಳಿಯುತ್ತಿದ್ದ ನಮ್ಮ ಜನ, "ಕಂಡಕಂಡಲ್ಲಿ ಹಾರಬ್ಯಾಡಲೇ ಅಂತ ಬುದ್ಧಿ ಹೇಳಾಕತ್ತಾನ" ಎಂದು ತಾವೇ ಅರ್ಥ ಹಚ್ಚಿಕೊಂಡರು. ಅದರ ಹಿಂದೆಯೇ ಅತ್ತಿಗೆಯ ಹೊಡೆತ ಬಂತು.

ತಪ್ಪು ಗೊತ್ತಾಗಿ ಅಂಬಪ್ಪ ಬೂತಿನಲ್ಲಿ ಬೆವೆತುಹೋದ. ಈಗ ಕಲ್ಲು ಬೀಳುತ್ತವೆ ಎಂದು ನಾನೂ ಹೆದರಿದ್ದೆ. ಕಲ್ಲು ಬೀಳಲಿಲ್ಲ. ಹೆಂಗಸರ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು.

ಹೆಂಗಸರ ಗೇಟು ಕಾಯುವ ಹಾಜಿರಾಬೀ ಇಂಟರ್‌ವಲ್‌ನಲ್ಲಿ ಬೂತಿಗೇ ಬಂದಳು. ಮಾತನ್ನು ಸುತ್ತಿಬಳಸಿ ಆಡುವ ಹೆಂಗಸಲ್ಲ.

"ಅಂಬಪ್ಪ, ನಮ್ಮ ಕಡಿ ಹೆಣ್ಮಕ್ಕಳು ಏನಂತಾರ ಗೊತ್ತೈತೇನು? ಹಾರಾಕ ಬರ್ತೈತಿ, ಲಾರಿ ಎತ್ತಾಕ ಬರ್ತೈತಿ, ಆದ್ರೂ ಆಕಿ ಮ್ಯಾಲ ಕೈ ಎತ್ತಲಿಲ್ಲ ನೋಡವ್ವ ಅಂತ ಅಳಾಕತ್ತಾರ."

ಅಂಬಪ್ಪ ಮುಖ ಆ ಕಡೆ ತಿರುಗಿಸಿ ಮಷೀನಿನ ದೀಪದ ಕಾರ್ಬನ್ ಕಡ್ಡಿ ಸರಿಮಾಡುತ್ತ ನಿಂತ. ಅದು ಸರಿಯಾಗಿಯೇ ಇತ್ತು.

ಮರುದಿನ ಮಾಲಕರೆದುರು ತಪ್ಪೊಪ್ಪಿಕೊಂಡ. ಅಮರಗುಂಡಪ್ಪ ವ್ಯಾಪಾರಸ್ಥ. ಹೊರಗೆ ನೆರೆದಿದ್ದ ಜನರನ್ನು ನೋಡಿ, "ಹಂಗ ಇರಲಿ ಬಿಡಲೇ. ನೀ ಮುಟ್ಟಾಕ ಹೋಗಬ್ಯಾಡ" ಎಂದ. ಸಿಂಧನೂರಿನಲ್ಲಿ ಮೂರು ದಿನ ಓಡಿದ್ದು ಮಸ್ಕಿಯಲ್ಲಿ ಏಳು ವಾರ ಓಡಿತು. ಹೆಂಗಸರು ಹೀರೋಗೆ 'ಗಾಳಿಮಾವ' ಎಂದು ಹೆಸರಿಟ್ಟರು. ನಮ್ಮ ಗದ್ದಲ ಕೇಳಿ ಲಿಂಗಸುಗೂರಿನ ಥೇಟರೊಂದು ಅದೇ ಸಿನಿಮಾದ ಇನ್ನೊಂದು ಪ್ರಿಂಟು ತರಿಸಿ, ಪಾಪ, ಸರಿಯಾಗಿ ಜೋಡಿಸಿ ತೋರಿಸಿತು. ನಾಲ್ಕನೆಯ ದಿನ ಅಲ್ಲಿ ನಾಯಿಯೂ ಸುಳಿಯಲಿಲ್ಲ. ಹಾರುವವನನ್ನು ನೋಡಲು ಜನ ಒಮ್ಮೆ ಬರುತ್ತಾರೆ. ಹಾರಬಲ್ಲವನು ತಮ್ಮ ಹಾಗೆ ನೆಲದ ಮೇಲೆ ನಿಂತು ಸಹಿಸಿಕೊಂಡರೆ, ಅವನಿಗಾಗಿ ಮತ್ತೆ ಮತ್ತೆ ಬರುತ್ತಾರೆ. ಇಷ್ಟು ಸಣ್ಣ ಮಾತು ಪೇಪರಿನವರಿಗೆ ತಿಳಿಯುವುದಿಲ್ಲ.

ಅಂಬಪ್ಪನಿಗೆ ಮೊದಲ ವಾರದಿಂದಲೂ ಒಂದೇ ಧ್ಯಾನ. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಹೆಂಗಸರು ಬರುತ್ತಿದ್ದರು. "ತುರ್ವಿಹಾಳದ್ದು ಬಂತೇನು?" ಎಂದು ನನ್ನನ್ನು ಆಟಕ್ಕೊಮ್ಮೆ ಕೇಳುತ್ತಿದ್ದ. ಅಲ್ಲಿ ಬೇಸಿಗೆ ಬೆಳೆಯ ನಾಟಿ ನಡೆದಿತ್ತು, ಮುಗಿಯದೆ ಕೂಲಿಯವರು ಏಳುವ ಹಾಗಿರಲಿಲ್ಲ. ನಾಟಿ ಮುಗಿಯುವ ತನಕ ಸಿನಿಮಾ ಓಡಲಿ ಎಂದು ಅವನು ಮಲ್ಲಯ್ಯನ ಗುಡ್ಡ ಹತ್ತಿ ಕಾಯಿ ಒಡೆಸಿ ಬಂದ.

ಆರನೆಯ ವಾರ, ಗುರುವಾರದ ಮೊದಲನೆಯ ಆಟಕ್ಕೆ ತುರ್ವಿಹಾಳದವರು ಬಂದರು. ಟ್ರ್ಯಾಕ್ಟರಿನಿಂದ ಇಳಿದ ಹೆಂಗಸರ ಕಾಲ್ಬೆರಳ ಸಂದಿಯಲ್ಲಿ ಗದ್ದೆಯ ಕೆಸರು ಇನ್ನೂ ಅಂಟಿಕೊಂಡಿತ್ತು. ಅವರ ನಡುವೆ ಶೇಖಮ್ಮ ಇದ್ದಳು. ನಾನು ಬೂತಿಗೆ ಓಡಿದೆ. ಹೇಳುವ ಅಗತ್ಯವೇ ಬೀಳಲಿಲ್ಲ. ಅಂಬಪ್ಪ ಕಿಂಡಿಗೆ ಹಣೆ ಒತ್ತಿ ನಿಂತಿದ್ದ, ಪರದೆಯ ಕಡೆಗಲ್ಲ, ಹೆಂಗಸರ ಕಡೆಗೆ ನೋಡುತ್ತಿದ್ದ.

ಇಂಟರ್‌ವಲ್ ಗಂಟೆ ಬಾರಿಸಿದ ಮೇಲೆ ಹಾಜಿರಾಬೀ ಅವಳನ್ನು ಗೇಟಿನ ತಡಿಕೆಯ ಹತ್ತಿರ ಕರೆತಂದಳು. ಹದಿನಾಲ್ಕು ತಿಂಗಳ ಮೇಲೆ ಕಂಡ ಹೆಂಡತಿಯನ್ನು ಅಂಬಪ್ಪ ಕೇಳಿದ್ದು ಇಷ್ಟು:

"ಸಿನಿಮಾ ಹೆಂಗೈತಿ?"

"ಛಲೋ ಐತಿ. ನೀ ಡಬ್ಬಿ ಹಿಂದಮುಂದ ಹಾಕೀಯಂತ, ಖರೇನ?"

"ಖರೇ. ಮದ್ಲ ತಪ್ಪಿ ಹಾಕಿದ್ದೆ. ಆಮ್ಯಾಲ ಹಂಗ ಬಿಟ್ಟೀನಿ."

"ಅಂದ್ರ ಅಸಲು ಸಿನಿಮಾದಾಗ, ಹೊಡೆತ ತಿನ್ನೂವಾಗ ಅಂವಗ ಬಲ ಇರಲಿಲ್ಲ?"

ಸುಳ್ಳು ಹೇಳಬಹುದಿತ್ತು. ಅವನ ಜಾಗದಲ್ಲಿ ನಾನಿದ್ದರೆ ಖಂಡಿತ ಹೇಳುತ್ತಿದ್ದೆ.

"ಇರಲಿಲ್ಲ" ಎಂದ ಅಂಬಪ್ಪ.

ಶೇಖಮ್ಮ ಖಾಲಿ ಪರದೆಯ ಕಡೆ ನೋಡಿದಳು. "ಹಂಗಾದ್ರ ಅಂಥಾ ಗಂಡಸು ಸಿನಿಮಾದಾಗೂ ಇಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಆಸೆಯಾದರೂ ಉಳಿಯುತ್ತಿತ್ತು.

ಜನ ಕೂಗತೊಡಗಿದ್ದರು. ಅಂಬಪ್ಪ ಹೋಗಿ ಏಳನೆಯ ರೀಲು ಹಾಕಿದ. ಶೇಖಮ್ಮ ಕೊನೆಯವರೆಗೂ ಕೂತು ನೋಡಿ, ಬಂದ ಟ್ರ್ಯಾಕ್ಟರಿನಲ್ಲೇ ಹೋದಳು. ಆಮೇಲೆ ಬಂದಳು, ಸಂಸಾರ ಕೂಡಿತು ಎಂದು ಬರೆಯಲು ನನಗೂ ಆಸೆಯಿದೆ. ಅವಳು ಬರಲಿಲ್ಲ.

ತೊಂಬತ್ತಾರರಲ್ಲಿ ಟೆಂಟು ಕಿತ್ತ ದಿನ ನಾವಿಬ್ಬರೂ ಕಂಬ ಎತ್ತಿ ಹಾಕುತ್ತಿದ್ದೆವು. ಕೂಲಿಯವನೊಬ್ಬ ಲೆನ್ಸಿನ ಪೆಟ್ಟಿಗೆಯನ್ನು ಎತ್ತಿ ಬೀಳಿಸಿದ, ಗಾಜು ಪುಡಿಯಾಯಿತು. ಹಳೆಯ ಅಂಬಪ್ಪನಾಗಿದ್ದರೆ ಆ ಕೂಲಿಯವನ ಹಲ್ಲು ಉದುರುತ್ತಿದ್ದವು. ಅಂಬಪ್ಪ ಕೂತು ಚೂರುಗಳನ್ನು ಆರಿಸಿದ, ಬೀಳಿಸಿದವನ ಕಾಲಿಗೆ ಚುಚ್ಚದಿರಲಿ ಎಂದು. ನಾನು ಬೆರಗಾಗಿ ನೋಡುತ್ತಿದ್ದೆ. ಅಂಬಪ್ಪ ತಲೆ ಎತ್ತದೆಯೇ ಹೇಳಿದ:

"ನಾ ಈಗ ಕೈ ಎತ್ತೂ ಮನುಷ್ಯಾ ಅಲ್ಲಲೇ. ಆದ್ರ ಅದನ್ನ ನೋಡಾಕ ಮನ್ಯಾಗ ಯಾರದಾರ ಹೇಳು?"