ಏಳು ಹಲ್ಲಿನ ಗಾಡಿಯವ

ಗಾಡಿಯವ ತೀರಿಕೊಂಡಾಗ ನನಗೆ ಅರವತ್ತು ದಾಟಿತ್ತು. ಅವನು ಹೋಗಿ ಈಗ ಆರು ಮಳೆಗಾಲ ಕಳೆಯಿತು. ಅವನ ಬಲಗಾಲಿನ ಅಂಗಾಲು ದೋಸೆ ಕಾವಲಿಯ ತಳದ ಹಾಗೆ ಕಪ್ಪಾಗಿತ್ತು. ಚಪ್ಪಲಿ ಬಿಚ್ಚಿ ಸೀಟಿನ ಹಿಂದೆ ಇಟ್ಟ ಮೇಲೆಯೇ ಅವನು ಗಾಡಿ ಹೊಡೆಯುವುದು. ಯಾಕೆ ಎಂದು ಕೇಳಿದರೆ, ಗಾಡಿಗೆ ಸುಸ್ತಾದದ್ದು ಮೊದಲು ಅಂಗಾಲಿಗೆ ಗೊತ್ತಾಗುತ್ತದೆ, ಕಿವಿಗೆ ಆಮೇಲೆ ಎನ್ನುತ್ತಿದ್ದ. ಹೆಂಡತಿ ತೆಂಗಿನ ನಾರು ಹಾಕಿ ಎಷ್ಟು ತಿಕ್ಕಿದರೂ ಆ ಕಪ್ಪು ಹೋಗಲಿಲ್ಲ.

ನಮ್ಮ ಕೇರಿಯವರಿಗೆಲ್ಲ ಅವನು ಗಾಡಿಯವ. ನನಗೆ ಸಂಬಂಧವಲ್ಲ, ಬೇಲಿಯ ಆಚೆ ಮನೆ. ಅವನ ತಾಯಿ ಮತ್ತು ನಾನು ಒಟ್ಟಿಗೆ ಗದ್ದೆಯ ನಟ್ಟಿ ಕೆಲಸಕ್ಕೆ ಹೋದವರು. ಅವಳು ತೀರಿಕೊಂಡ ಮೇಲೆ ಅವನು ನನ್ನನ್ನು ಆಯಿ ಎಂದು ಕರೆಯತೊಡಗಿದ. ನಾನು ಬೇಡ ಎನ್ನಲಿಲ್ಲ.

ಸತ್ತವರೆಲ್ಲ ಒಳ್ಳೆಯವರು ಎಂದು ಹೇಳುವ ರೂಢಿ ನನಗಿಲ್ಲ. ಅವನಿಗೆ ಸಿಟ್ಟು ಬೇಗ ಬರುತ್ತಿತ್ತು. ನಾವು ಸಂತೆಯ ಬುಟ್ಟಿ ಕಟ್ಟುವುದು ತಡವಾದರೆ ಬಿಟ್ಟೇ ಹೋಗುತ್ತಿದ್ದ, ನನ್ನನ್ನೂ ಒಮ್ಮೆ ಬಿಟ್ಟು ಹೋಗಿದ್ದಾನೆ. ಬೈಯುವಾಗ ಹಿರಿಯರು ಕಿರಿಯರು ಎಂದು ನೋಡುತ್ತಿರಲಿಲ್ಲ. ಆದರೆ ಗಾಡಿ ಹತ್ತುವವರಿಗೆ ಕೈ ಕೊಡದೆ ನಿಂತದ್ದನ್ನು ನಾನು ಕಂಡಿಲ್ಲ. ಅಂಕೋಲೆಯಲ್ಲಿ ಚಾ ಕುಡಿಯುವಾಗಲೂ ಅವನ ಒಂದು ಕೈ ಬಾನೆಟ್ಟಿನ ಮೇಲೆ ಇರುತ್ತಿತ್ತು, ಎಮ್ಮೆಯ ಮೈ ಮುಟ್ಟಿಕೊಂಡು ನಿಲ್ಲುತ್ತಾರಲ್ಲ, ಹಾಗೆ. ಕೂಸು ಇರುವ ಮನೆ ಯಾವುದೆಂದು ಅವನಿಗೆ ಗೊತ್ತಿತ್ತು, ಅಲ್ಲಿ ಹಾರನ್ ಹಾಕುತ್ತಿರಲಿಲ್ಲ. ದಾರಿ ಹೇಗಿದೆ ಎಂದು ಯಾರು ಕೇಳಿದರೂ ಅವನದು ಒಂದೇ ಮಾತು, ನಿಲ್ಲದೆ ಹೋದರೆ ಸಾಕು ಎಂದು.

ನಮ್ಮ ಕೇರಿ ಬೆಳಂಬಾರದ ಆಚೆ, ಗಜನಿ ದಾಟಿ. ಗಜನಿ ಎಂದರೆ ಉಪ್ಪುನೀರು ಒಳಗೆ ಬರುವ ತಗ್ಗಿನ ಗದ್ದೆ. ರಸ್ತೆ ಅದರ ನಡುವೆಯೇ. ಮಳೆಗಾಲದಲ್ಲಿ ಮೇಲಿನ ನೀರೂ ಸಮುದ್ರದ ಭರತಿಯ ನೀರೂ ಒಟ್ಟಾದರೆ ರಸ್ತೆ ಎಲ್ಲಿ, ಗದ್ದೆ ಎಲ್ಲಿ ಎಂದು ಕಾಣದು. ನಾವು ಹೆಂಗಸರು ಬೆಂಡೆ, ಹೀರೆ, ಮೊಗೆಕಾಯಿ ಬೆಳೆದು ಅಂಕೋಲೆಗೆ ಒಯ್ಯುವವರು, ರವಿವಾರ ಕಾರವಾರದ ಸಂತೆಗೆ. ಮೊದಲು ಎಲ್ಲ ತಲೆಹೊರೆ. ಅವನು ಹಳೆಯ ಪಿಕಪ್ ಒಂದನ್ನು ತಂದ ಮೇಲೆ ಬೆಳಿಗ್ಗೆ ನಮ್ಮನ್ನು ಒಯ್ದು ಬಿಡುತ್ತಿದ್ದ. ಮಧ್ಯಾಹ್ನದ ಮೇಲೆ ಹಾರವಾಡದಿಂದ ಮೀನಿನ ಪೆಟ್ಟಿಗೆ ತುಂಬಿಕೊಂಡು ಗೋವೆಗೆ ಹೋಗುತ್ತಿದ್ದ. ಅವನ ಮನೆ ನಡೆಯುತ್ತಿದ್ದದ್ದು ಆ ಮೀನಿನಿಂದ, ನಮ್ಮ ಬೆಂಡೆಕಾಯಿಯಿಂದಲ್ಲ.

ಮಳೆಗಾಲ ಬಂತೆಂದರೆ ಗಜನಿಯಲ್ಲಿ ಗಾಡಿ ಹುಗಿಯುತ್ತಿತ್ತು. ನಾವು ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದು ತಳ್ಳುವುದು. ಅವನೂ ಇಳಿದರೆ ಸ್ಟೇರಿಂಗ್ ಹಿಡಿಯುವವರು ಯಾರು? ಹಾಗಾಗಿ ಅವನು ಸೀಟಿನಲ್ಲಿ ಕೂತಿರಬೇಕು, ನಾವು ಹಿಂದಿನಿಂದ ತಳ್ಳಬೇಕು, ಟಯರು ಎರಚಿದ ಕೆಸರು ನಮ್ಮ ಮುಖಕ್ಕೆ. ನಾವು ಅದಕ್ಕೆ ನಗುತ್ತಿದ್ದೆವು. ಕೂತ್ಕಾ ತಮಾ, ಮದುಮಗನ ಹಾಂಗೆ ಎಂದು ನಾನೇ ಎಷ್ಟೋ ಸಲ ಹಂಗಿಸಿದ್ದೇನೆ. ಅವನು ನಗುತ್ತಿರಲಿಲ್ಲ. ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಿದ್ದ. ಒಂದು ದಿನ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಕಾಲು ಜಾರಿ ನೀರಿಗೆ ಬಿದ್ದಳು. ಅವಳಿಗೆ ಏನೂ ಆಗಲಿಲ್ಲ, ಎದ್ದು ಅವಳೂ ನಕ್ಕಳು. ಅವತ್ತು ಅಂಕೋಲೆ ಮುಟ್ಟುವ ತನಕ ಅವನು ಕನ್ನಡಿಯಲ್ಲಿ ಮತ್ತೆ ಮತ್ತೆ ಅವಳನ್ನೇ ನೋಡಿದ.

ಮುಂದಿನ ಬೇಸಗೆಯಲ್ಲಿ ದೊಡ್ಡ ಟಯರು ಹಾಕಿಸಿದ. ಗಾಡಿ ಎತ್ತರವಾಯಿತು. ಹತ್ತಲಿಕ್ಕೆ ನಮ್ಮ ಮೊಣಕಾಲು ಏಳುವುದಿಲ್ಲವೆಂದು ಒಂದು ಚಿರೇಕಲ್ಲನ್ನು ಗಾಡಿಯಲ್ಲೇ ಇಟ್ಟುಕೊಂಡ, ಹತ್ತುವಲ್ಲಿ ಇಳಿಯುವಲ್ಲಿ ಅದನ್ನು ಕೆಳಗೆ ಇಡುತ್ತಿದ್ದ. ಮೊದಲ ಮಳೆಗೆ ನೋಡಿದರೆ, ಇಂಜಿನ್ನಿಗೆ ನೀರು ನುಗ್ಗಲಿಲ್ಲ ನಿಜ, ಆದರೆ ಎಳೆತವೇ ಇಲ್ಲ. ಗಜನಿಯ ನಡುವೆ ಗುರ್ ಎಂದು ನರಳಿ ನಿಂತಿತು. ನಾವು ಮತ್ತೆ ಇಳಿದೆವು. ಮೊದಲು ಕುಳ್ಳ ಗಾಡಿ ಹುಗಿಯುತ್ತಿತ್ತು, ಈಗ ಎತ್ತರದ್ದು ಹುಗಿಯಿತು, ಎಂತ ಸುಖ ಬಂತು ಎಂದೆ. ಸುಮ್ಮನಿರು ಎಂದು ಬೈದ.

ಅವತ್ತು ಅಂಕೋಲೆಯಲ್ಲಿ ತರಕಾರಿ ಮುಗಿದ ಮೇಲೆ ಅವನು ಗಾಡಿಯನ್ನು ಮನೆಗೆ ತಿರುಗಿಸಲಿಲ್ಲ. ಖಾಲಿ ಬುಟ್ಟಿಯ ಸಮೇತ ನಮ್ಮನ್ನು ಬಾಳೆಗುಳಿಗೆ ಕರೆದುಕೊಂಡು ಹೋಗಿ ಗ್ಯಾರೇಜಿನ ಮೇಸ್ತ್ರಿಯ ಎದುರು ನಿಲ್ಲಿಸಿದ. ಮೇಸ್ತ್ರಿ ಗಾಡಿಯ ಅಡಿಗೆ ಹೊಕ್ಕು ನೋಡಿ ಬಂದು ವಿವರ ಹೇಳಿದ. ಹಿಂದಿನ ಎರಡು ಟಯರುಗಳ ನಡುವೆ ಹೊಟ್ಟೆಯ ಹಾಗೆ ಗುಂಡಗೆ ಇದೆಯಲ್ಲ, ಅದರ ಒಳಗೆ ಹಲ್ಲಿನ ಎರಡು ಚಕ್ರ. ದೊಡ್ಡದಕ್ಕೆ ಕ್ರೌನ್ ಎನ್ನುತ್ತಾರೆ, ನಲವತ್ತೊಂದು ಹಲ್ಲು. ಅದನ್ನು ತಿರುಗಿಸುವ ಸಣ್ಣದು ಪಿನಿಯನ್, ಈ ಗಾಡಿಯದಕ್ಕೆ ಒಂಬತ್ತು ಹಲ್ಲು. ಸಣ್ಣದರ ಹಲ್ಲು ಕಡಿಮೆಯಾದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ. ಟಯರು ದೊಡ್ಡದು ಮಾಡಿದರೆ ಅದರ ಉಲ್ಟಾ, ಎಳೆತ ಹೋಗುತ್ತದೆ. ಅದಕ್ಕೆ ಸರಿಯಾಗಿ ಹಲ್ಲನ್ನೂ ಬದಲಿಸಬೇಕು.

ಎಂಟು ಹಲ್ಲಿನದು ಹಾಕು ಎಂದ ಮೇಸ್ತ್ರಿ. ಸಣ್ಣ ಟಯರು ಇದ್ದಾಗ ಹೇಗಿತ್ತೋ ಹಾಗಾಗುತ್ತದೆ, ಗೋವೆಗೂ ಹೋಗಬಹುದು. ಏಳರದ್ದೂ ಸಿಗುತ್ತದೆ, ಅದು ಯಾವ ಕೆಸರಲ್ಲೂ ನಿಲ್ಲುವುದಿಲ್ಲ, ಆದರೆ ಹೈವೇಯಲ್ಲಿ ಎಮ್ಮೆಯೂ ನಿನ್ನನ್ನು ಹಿಂದೆ ಹಾಕುತ್ತದೆ ಎಂದು ನಕ್ಕ.

ಗಾಡಿಯವ ನಗಲಿಲ್ಲ. ಸಣ್ಣ ಟಯರು ಇದ್ದಾಗಲೂ ತಳ್ಳಿದ್ದು ಇವರೇ ಅಲ್ಲವಾ ಎಂದ. ಆಮೇಲೆ ನಮ್ಮ ಕಡೆ ತಿರುಗಿದ. “ಗಾಡಿ ನಂದು, ಭಾರ ನಿಮ್ದು. ನೀವೇ ಹೇಳಿ.”

ನಮ್ಮಲ್ಲಿ ಒಬ್ಬಳು, ಗಾಡಿ ನಿಧಾನವಾದರೆ ರವಿವಾರ ಕಾರವಾರದಲ್ಲಿ ಒಳ್ಳೆ ಜಾಗ ಹೋಗುತ್ತದೆ, ಎಂಟೇ ಇರಲಿ ಎಂದಳು. ಇನ್ನೊಬ್ಬಳು ಅವನ ಮೀನಿನ ಬಾಡಿಗೆಯ ಕತೆ ಏನು ಎಂದು ಕೇಳಿದಳು. ನಾನು ನನಗೆ ಗೊತ್ತಿದ್ದದ್ದನ್ನು ಹೇಳಿದೆ. “ತಲೆ ಮೇಲೆ ಹೊರೆ ಇಟ್ಕಂಡು ಕೆಸರಲ್ಲಿ ನಡೂಕೆ ದೊಡ್ಡ ಹೆಜ್ಜೆ ಹಾಕೂಕೆ ಆಗೂದಿಲ್ಲ ತಮಾ. ಸಣ್ಣ ಹೆಜ್ಜೆ ಹಾಕ್ದೋಳೇ ಬೀಳ್ದೆ ಮನೆ ಮುಟ್ಟೂದು. ನಿನ್ನ ಗಾಡಿಗೂ ಅಷ್ಟೇಯ.”

ಅವನು ಏಳು ಎಂದ. ಮೇಸ್ತ್ರಿ ಎರಡು ಸಲ ಕೇಳಿದ, ಎರಡು ಸಲವೂ ಏಳು ಎಂದ.

ಅವನ ಹೆಂಡತಿ ಒಂದು ವಾರ ಅವನ ಜೊತೆ ಮಾತು ಬಿಟ್ಟಳು. ಅವಳ ಸಿಟ್ಟು ಸುಳ್ಳಲ್ಲ. ಗೋವೆಗೆ ಮೀನು ಮುಟ್ಟುವುದು ತಡವಾಗತೊಡಗಿತು, ಮೀನಿನವನು ಬೇರೆ ಗಾಡಿ ನೋಡಿಕೊಂಡ. ಹರೆಯದವರು ಬೈಕಿನಲ್ಲಿ ಪಕ್ಕಕ್ಕೆ ಬಂದು ಇದಕ್ಕೆ ಹುಲ್ಲು ಹಾಕ್ತ್ಯಾ, ಡೀಸೆಲ್ಲಾ ಎಂದು ಕೇಳಿ ಹೋಗುತ್ತಿದ್ದರು. ಬೆಂಡೆಕಾಯಿ ಹೊತ್ತರೆ ನಮ್ಮ ಒಲೆ ಉರಿಯುತ್ತದಾ ಎಂದು ಅವಳು ಅಂಗಳದಲ್ಲಿ ನಿಂತು ಕೂಗಿದ ದಿನ ನಾನು ಬೇಲಿಯ ಈಚೆ ಇದ್ದೆ. ಅವನು ದೊಡ್ಡ ದನಿ ಮಾಡಲಿಲ್ಲ.

“ಅಬ್ಬೆಯಂತೋರು ನೀರಲ್ಲಿ ನಿಂತು ತಳ್ಳೂದು, ನಾ ಕೂತ್ಕಂಡು ನೋಡೂದು. ಅದು ನಂಗೆ ಆಗೂದಿಲ್ಲ.”

ಮೀನು ಬಿಟ್ಟು ಚಿರೇಕಲ್ಲು, ಗೊಬ್ಬರ, ಸೌದೆ, ಸಿಕ್ಕಿದ್ದು ಹೊತ್ತ. ಅದರಿಂದ ಮೊದಲಿನಷ್ಟು ಬರಲಿಲ್ಲ. ಅವನ ಮೈ ಇಳಿಯಿತು. ಆದರೆ ಆಮೇಲಿನ ಮಳೆಗಾಲಗಳಲ್ಲಿ ನಾವು ಯಾರೂ ಗಜನಿಯ ನೀರಿಗೆ ಇಳಿಯಲಿಲ್ಲ. ನೀರು ಸೀಳಿಕೊಂಡು ಗಾಡಿ ಮೆಲ್ಲಗೆ ಹೋಗುತ್ತಿತ್ತು, ಬುಟ್ಟಿಯ ಮೇಲೆ ಕೈ ಇಟ್ಟುಕೊಂಡು ನಾವು ಕೂತಿರುತ್ತಿದ್ದೆವು. ದಾಟಿದ ಮೇಲೆ ಅವನು ಕನ್ನಡಿಯಲ್ಲಿ ಒಮ್ಮೆ ನೋಡುತ್ತಿದ್ದ. ಆಗ ನಗುತ್ತಿದ್ದ, ಸ್ವಲ್ಪ.

ಮೂರನೆಯ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅವನ ಹೆಂಡತಿ ಕೂಗಿದಳು. ಹೋಗಿ ನೋಡಿದರೆ ಜಗಲಿಯಲ್ಲಿ ಎದೆ ಹಿಡಿದುಕೊಂಡು ಕೂತಿದ್ದ, ಮೈಯೆಲ್ಲ ಬೆವರು. ಮಳೆ ಬಿಟ್ಟಿರಲಿಲ್ಲ, ಗಜನಿ ತುಂಬಿತ್ತು. ಆ ನೀರಿನಲ್ಲಿ ಬರುವ ಬೇರೆ ವಾಹನ ಇರಲಿಲ್ಲ. ಅವನದೇ ಗಾಡಿಯಲ್ಲಿ ಚಾಪೆ ಹಾಸಿ ಅವನನ್ನು ಮಲಗಿಸಿ, ಮೇಲೆ ತಾಡಪತ್ರಿ ಕಟ್ಟಿದೆವು. ಅವನ ತಮ್ಮ ಗಾಡಿ ಹೊಡೆದ. ಹಿಂದೆ ನಾನು ಮತ್ತು ಗಾಡಿಯವನ ಹೆಂಡತಿ. ಗಜನಿಯಲ್ಲಿ ನೀರು ಬಾಗಿಲಿಗೆ ಬಡಿಯುತ್ತಿತ್ತು, ಗಾಡಿ ಒಂದು ಕಡೆಯೂ ನಿಲ್ಲಲಿಲ್ಲ.

ಅಂಕೋಲೆಯಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟು, ಇದು ಹೃದಯದ್ದು, ಈಗಲೇ ಕಾರವಾರಕ್ಕೆ ಒಯ್ಯಿರಿ ಎಂದರು. ಆಂಬುಲೆನ್ಸು ಆಗಷ್ಟೇ ಒಬ್ಬ ಬಸುರಿಯನ್ನು ಕರೆದುಕೊಂಡು ಹೋಗಿತ್ತು. ಅದು ಬರುವ ತನಕ ಕಾಯುವುದೋ, ಇದರಲ್ಲೇ ಹೋಗುವುದೋ ಎಂದು ಕೇಳುವ ಹೊತ್ತೂ ಇರಲಿಲ್ಲ, ಹೊರಟೆವು.

ಹೈವೇ ಸಪಾಟು. ತಮ್ಮ ಕಾಲು ಒತ್ತಿ ಹಿಡಿದಿದ್ದ. ಇಂಜಿನ್ನು ಕಿರುಚುತ್ತಿತ್ತು, ಗಾಡಿ ಓಡುತ್ತಿರಲಿಲ್ಲ. ಬಸ್ಸು ಹೋಯಿತು, ಕಾರುಗಳು ಹೋದವು, ಮೀನಿನ ಗಾಡಿಯೊಂದು ಹಾರನ್ ಹಾಕುತ್ತ ನೀರು ಎರಚಿ ಹೋಯಿತು. ಹೆಂಡತಿ ಗಾಡಿಯ ತಗಡಿಗೆ ಅಂಗೈಯಿಂದ ಬಡಿಯುತ್ತ, ಸುಟ್ಟುಹೋಗಲಿ ಇದು, ಓಡುವುದಿಲ್ಲವಲ್ಲ ಇದು ಎಂದು ಬೈಯುತ್ತಿದ್ದಳು. ಅವನು ಕಣ್ಣು ಬಿಟ್ಟ.

“ಬೈಬೇಡ್ವೇ ಅದಕ್ಕೆ. ಅದರ ಓಟ ಅಷ್ಟೇಯ. ನಾನೇ ಹಾಕ್ಸಿದ್ದಲ್ವಾ.”

ಅಮದಳ್ಳಿ ದಾಟಿದ ಮೇಲೆ ಅವನ ಕೈ ನನ್ನ ಕೈಯಲ್ಲಿ ಭಾರವಾಯಿತು. ನನಗೆ ಗೊತ್ತಾಯಿತು, ಆ ಕೈ ಬಿಡದೆ ಕೂತೆ. ಬಿಣಗಾದ ಏರಿನಲ್ಲಿ ಲಾರಿಗಳು ಒಂದರ ಹಿಂದೆ ಒಂದು ಏದುಸಿರು ಬಿಡುತ್ತಿದ್ದವು. ನಮ್ಮ ಗಾಡಿ ಅವನ್ನೆಲ್ಲ ಹಿಂದೆ ಹಾಕಿ ಏರಿತು. ಅದನ್ನು ನೋಡಲಿಕ್ಕೆ ಅವನಿರಲಿಲ್ಲ.

ಕಾರವಾರದಲ್ಲಿ ಡಾಕ್ಟರು ಮುಟ್ಟಿ ನೋಡಿ ತಲೆ ಆಡಿಸಿದರು. ಬೇಗ ಬಂದಿದ್ದರೆ ಉಳಿಯುತ್ತಿದ್ದನಾ ಎಂದು ಹೆಂಡತಿ ಕೇಳಿದಳು. ಹೇಳಲಿಕ್ಕೆ ಬರುವುದಿಲ್ಲ ಎಂದರು. ಅದೇ ಗಾಡಿಯಲ್ಲಿ ಅವನನ್ನು ತಂದೆವು. ಕತ್ತಲಾಗುವುದರೊಳಗೆ ಮಳೆಯಲ್ಲೇ ಎಲ್ಲ ಮುಗಿಯಿತು.

ಆಮೇಲೆ ಮಾಡಿನ ಕೆಳಗೆ ಕೂತವರು ಮಾತಾಡಿದರು. ಏಳು ಹಲ್ಲು ಅವನನ್ನು ತಿಂದಿತು ಎಂದ ಒಬ್ಬ. ಹೆಣ ಮಲಗಿದ ಗಾಡಿಯಲ್ಲಿ ತರಕಾರಿ ಇಟ್ಟರೆ ಯಾರು ಕೊಳ್ಳುತ್ತಾರೆ ಎಂದರು ನಮ್ಮ ಹೆಂಗಸರು. ಗುಜರಿಯವನಿಗೆ ಕೊಟ್ಟುಬಿಡಿ ಎಂದ ಇನ್ನೊಬ್ಬ. ಅವನ ತಮ್ಮ ಗಾಡಿಯನ್ನು ಅಂಗಳದಿಂದ ಹೊರಗೆ, ಬೇಲಿಯ ಬುಡಕ್ಕೆ ಒಯ್ದು ನಿಲ್ಲಿಸಿದ. ಹೆಂಡತಿ ನನ್ನನ್ನೇ ನೋಡಿದಳು.

“ಸಣ್ಣ ಹೆಜ್ಜೆ ಅಂದೋಳು ನೀನೇ ಅಲ್ವಾ ಆಯಿ?”

“ಹೌದು. ನಾನೇ ಅಂದೆ.”

ಹಲ್ಲು ಒಂಬತ್ತೇ ಇದ್ದಿದ್ದರೆ ಅವನು ಗಜನಿಯ ನೀರಿನ ನಡುವೆ ಸಾಯುತ್ತಿದ್ದ, ಅದು ಖಂಡಿತ. ಎಂಟು ಆಗಿದ್ದರೆ ಏನು ಎಂದು ಕೇಳಿದವರಿಗೆ ನನಗೆ ಗೊತ್ತಿಲ್ಲ ಎನ್ನುತ್ತೇನೆ. ಒಂದು ಗೊತ್ತು. ನಮ್ಮ ಮುಖಕ್ಕೆ ಕೆಸರು ಹಾರಬಾರದೆಂದು ಒಬ್ಬ ಗಂಡಸು ತನ್ನ ಅನ್ನ ಬಿಟ್ಟ. ನನ್ನ ಗಂಡನೂ ನನಗಾಗಿ ಅಷ್ಟು ಬಿಟ್ಟವನಲ್ಲ.

ಮರುದಿನ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ನಾನು ನಮ್ಮ ಬಾವಿಯಿಂದ ನೀರು ಸೇದಿ ಕೊಡದಲ್ಲಿ ಒಯ್ದು ಗಾಡಿಯ ಹಿಂಭಾಗಕ್ಕೆ ಹೊಯ್ದೆ. ತೆಂಗಿನ ಕಡ್ಡಿಯ ಹಿಡಿಕಟ್ಟಿನಿಂದ ತಿಕ್ಕಿ ತೊಳೆದೆ. ಚಾಪೆಯ ಕಡ್ಡಿ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು, ಕಿತ್ತು ಬಿಸಾಡಿದೆ. ಟಯರಿಗೆ ಹಿಡಿದ ಗಜನಿಯ ಕೆಸರನ್ನು ಕೋಲಿನಿಂದ ಕೆತ್ತಿದೆ. ಕೇರಿಯವರು ಅವರವರ ಅಂಗಳದಲ್ಲಿ ನಿಂತು ನೋಡುತ್ತಿದ್ದರು, ಯಾರೂ ಹತ್ತಿರ ಬರಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ಮೊಗೆಕಾಯಿ ಕೊಯ್ದು ಬುಟ್ಟಿಗೆ ತುಂಬಿ, ತಂದು ಅದೇ ಗಾಡಿಯ ಮೇಲೆ ಇಟ್ಟೆ.